ಮನೋರೋಗ ಚಿಕಿತ್ಸೆ: ವಿದ್ಯಾಸಂಸ್ಥೆಯಿಂದ ಹಳ್ಳಿಗೆ

ಮನೋರೋಗದ ಸಂಶೋಧನೆ, ಬೋಧನೆ, ಶುಶ್ರೂಷೆ ಈ ಮೂರೂ ಪರಸ್ಪರ ಪೂರಕವೆಂಬ ತತ್ತ್ವವು ಬೆಂಗಳೂರಿನಲ್ಲಿ ಕ್ರಮೇಣ ರೂಪುಗೊಂಡಿತು. ಅಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. 1974ರಲ್ಲಿ ಅದೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಆದರೆ ದೂರದ ಹಳ್ಳಿಯ ರೋಗಿಗೆ ಅದರಿಂದೇನು ಫಲ?

ಇದಕ್ಕೆ ಉತ್ತರವನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅರಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ರೋಗವನ್ನು ಗುರುತಿಸಿ, ಆಯ್ದ ಕೆಲವು ಔಷಧಗಳನ್ನು ಕೊಡಲು ಕಲಿತರು; ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಕಂಡುಹಿಡಿದು ಕೇಂದ್ರಕ್ಕೆ ಕಳುಹಿಸಲು ಕಲಿತರು. 1996ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿ.

ಔಷಧವು ನಡುವೆ ನಿಂತರೆ ತೀವ್ರ ಮನೋರೋಗವು ಮರುಕಳಿಸುವುದು ಸಾಮಾನ್ಯ. ಆದುದರಿಂದ ಸಂಶೋಧನೆಯ ಸಾರ್ಥಕ್ಯವು, ಹಳ್ಳಿಯ ಕೇಂದ್ರದಲ್ಲಿ ಆ ಔಷಧವು ತಿಂಗಳು ತಿಂಗಳೂ ತಪ್ಪದೆ ದೊರೆಯುವುದನ್ನು ಅವಲಂಬಿಸಿದೆ.