ಬಾಲವಿಕಾಸದ ತತ್ತ್ವಗಳೂ ವಯೋನಿರ್ಣಯವೂ

ಬಾಲವಿಕಾಸವನ್ನು ಅಭ್ಯಸಿಸುವ ಶುಶ್ರೂಷಾ ವಿದ್ಯಾರ್ಥಿಗಳ ಮುಂದೆ ಮೊದಲು ಬರುವದು ಒಂದು ಕೋಷ್ಟಕ. ಅದರ ಒಂದು ಪಕ್ಕದಲ್ಲಿ ತಿಂಗಳುಗಳು, ಇನ್ನೊಂದು ಪಕ್ಕದಲ್ಲಿ ಆಯಾ ತಿಂಗಳಿಗೆ ಮಗುವು ಮಾಡಬೇಕಾದ ಕ್ರಿಯೆಗಳು. ಕ್ರಿಯೆಗಳನ್ನು ಕುರಿತು ವೈದ್ಯರೂ ಮನಶ್ಶಾಸ್ತ್ರಜ್ಞರೂ ವಿಪುಲವಾಗಿ ಬರೆದಿರುವರು. ತಿಂಗಳುಗಳನ್ನು ಅರಿಯುವ ಬಗೆಯು ಇತಿಹಾಸಕ್ಕೂ ಸೇರಿದ ವಿಷಯ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಅದನ್ನು ಇಲ್ಲಿ ವಿವೇಚಿಸುವೆವು.

ವಿಕಾಸವು ತಲೆಯಿಂದ ಕಾಲಿನ ಕಡೆಗೆ, ನಡುವಿನಿಂದ ತುದಿಯ ಕಡೆಗೆ ಸಾಗುವದು. ಅದರ ಕ್ರಮವು ಬಹುಮಟ್ಟಿಗೆ ಸ್ಥಿರ, ವೇಗವು ಮಗುವಿನಿಂದ ಮಗುವಿಗೆ ಭಿನ್ನ. ಕುತ್ತಿಗೆ ನಿಂತಿತು, ಬೋರಲು ಬಿತ್ತು, ಕುಳಿತಿತು, ಅಂಬೆಗಾಲಿಕ್ಕಿತು ಎಂದು ನಮ್ಮ ಮನೆಗಳ ಹಿರಿಯ ಹೆಂಗಸರು ಎಣಿಸುವ ಕ್ರಮವೂ ಇದೇ. ಆರ್ನಾಲ್ಡ್ ಗೆಸೆಲ್ ಅವರು ಒಳಗಿನ ಪಕ್ವತೆಗೆ ಪ್ರಾಧಾನ್ಯ ಕೊಟ್ಟರು. ಪಿಯಾಜೆಯವರು ಬುದ್ಧಿಯ ಬೆಳವಣಿಗೆಯಲ್ಲಿ, ಎರಿಕ್ಸನ್ನರು 1950ರ ತಮ್ಮ ಗ್ರಂಥದಲ್ಲಿ ಮಗುವಿನ ಸಾಮಾಜಿಕ ಜೀವನದಲ್ಲಿ, ಹಂತಗಳನ್ನು ಗುರುತಿಸಿದರು. ವೇಗದ ಭಿನ್ನತೆ ಎಷ್ಟೆಂಬುದನ್ನು ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು, 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಅಧ್ಯಯನವು ತೋರಿಸಿತು. ಆಧಾರವಿಲ್ಲದೆ ನಡೆಯುವ ಕಾಲವು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿದೆ. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಕ್ಕಲೇ ಇಲ್ಲ!

ವೇಗವು ಭಿನ್ನವಾದ ಮೇಲೆ ಶರೀರವನ್ನು ನೋಡಿ ವಯಸ್ಸು ಹೇಳುವದು ಕಠಿಣ. ಗೋಕಾಕ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಘಟಪ್ರಭೆಯ ಜಲಪಾತದ ಬಳಿ 1887ರಲ್ಲಿ ಹತ್ತಿಯ ಗಿರಣಿ ಆರಂಭವಾಯಿತು. ಏಳು ವರ್ಷ ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು 1881ರ ಕಾರಖಾನೆ ಕಾಯಿದೆಯು ಅದಾಗಲೇ ವಿಧಿಸಿತ್ತು. ಈ ಮಿತಿಯು 1891ರಲ್ಲಿ ಒಂಬತ್ತಕ್ಕೂ, 1922ರಲ್ಲಿ ಹನ್ನೆರಡಕ್ಕೂ, 1948ರಲ್ಲಿ ಹದಿನಾಲ್ಕಕ್ಕೂ ಏರಿತು. ಜನನದ ದಾಖಲೆ ಎಲ್ಲರಲ್ಲಿ ಇಲ್ಲದ ಕಾಲದಲ್ಲಿ ವಯಸ್ಸನ್ನು ಪ್ರಮಾಣೀಕರಿಸುವ ಭಾರವು ವೈದ್ಯರ ಮೇಲೆ ಬಿದ್ದಿತು. ಇದೇ ತೊಡಕಿಗಾಗಿ ಇಂಗ್ಲೆಂಡಿನಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯನು ಹಲ್ಲುಗಳನ್ನೇ ಒರೆಗಲ್ಲಾಗಿ ಹಿಡಿಯಬೇಕೆಂದು 1837ರಲ್ಲಿ ಸೂಚಿಸಿದ್ದನು. ದನದ ಸಂತೆಯಲ್ಲಿ ನಮ್ಮ ರೈತರು ಅನುಸರಿಸುವದೂ ಈ ಕ್ರಮವನ್ನೇ. ಹಸಿವು ಎತ್ತರವನ್ನು ಕುಗ್ಗಿಸುವಷ್ಟು ಹಲ್ಲನ್ನು ತಡೆಯದಾದ್ದರಿಂದ ಇದು ಎತ್ತರದ ಅಳತೆಗಿಂತ ಮೇಲು. ಆದರೂ ತಪ್ಪಿಗೆ ಅವಕಾಶ ಉಳಿದೇ ಉಳಿಯುವದು. ವರ್ಷವೊಂದರ ತಪ್ಪೆಂದರೆ ಮಗುವೊಂದರ ಪಾಲಿಗೆ ವರ್ಷವೊಂದರ ಗಿರಣಿ ದುಡಿಮೆ.

1969ರ ಕಾಯಿದೆಯಂತೆ ಜನನದ ನೋಂದಣಿ ಈಗ ಕಡ್ಡಾಯ. ಆದರೆ ಕಬ್ಬು ಕಡಿಯಲು ಊರೂರು ತಿರುಗುವ ಕುಟುಂಬದ ತಾಯಿಯು ಕಾಗದವಿಲ್ಲದೆ ಬಂದರೆ ದಾದಿಯು ಆಕೆಯ ನೆನಪನ್ನೇ ಆಶ್ರಯಿಸಬೇಕು. ಆಗ ಸ್ಥಳೀಯ ಘಟನೆಗಳ ಪಟ್ಟಿಯೊಂದು ಕೈಯಲ್ಲಿರಬೇಕು. ಮಗುವು ‘ಹೊಳೆ ಊರು ಹೊಕ್ಕಾಗ’ ಹುಟ್ಟಿತೆಂದರೆ ಅದು 2019ರ ಆಗಸ್ಟೋ, 2021ರ ಜುಲೈಯೋ? ಎರಡೂ ಸಲ ಘಟಪ್ರಭೆಯು ಗೋಕಾಕಕ್ಕೆ ನುಗ್ಗಿತ್ತು. ನಡುವಣ ಅಂತರ ಸುಮಾರು ಎರಡು ವರ್ಷ. ನಾಗರ ಪಂಚಮಿಯನ್ನು ಕುರಿತು ಕೇಳಿದರೆ ಗಂಟು ಬಿಚ್ಚುವದು. 2019ರಲ್ಲಿ ಅದು ಆಗಸ್ಟ್ 5ರಂದು, ನೆರೆಯ ದಿನಗಳಲ್ಲೇ ಬಂದಿತು. 2021ರಲ್ಲಿ ಆಗಸ್ಟ್ 13ರಂದು, ನೆರೆಯ ನಂತರ. ಆದರೆ ಹಬ್ಬಕ್ಕೆ ಒಂದೇ ತಾರೀಖನ್ನು ಕಟ್ಟಕೂಡದು. 2022ರಲ್ಲಿ ಆಗಸ್ಟ್ 2ರಂದು ಬಂದ ಪಂಚಮಿಯು, ಅಧಿಕ ಶ್ರಾವಣದ ಕಾರಣ, 2023ರಲ್ಲಿ ಆಗಸ್ಟ್ 21ಕ್ಕೆ ಸರಿಯಿತು. ಚಾಂದ್ರಮಾನದ ಈ ಲೆಕ್ಕವನ್ನು ಶುಶ್ರೂಷೆಯ ತರಗತಿಯಲ್ಲಿ ಒಂದು ಗಂಟೆ ಕಲಿಸಿದರೆ ವ್ಯರ್ಥವಾಗದೆಂದು ನಮ್ಮ ಮತ.

ಇನ್ನು, ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಹುಟ್ಟಿದ ದಿನ ತಿಳಿದರೂ ಸಾಲದು. 32 ವಾರಗಳಿಗೆ ಜನಿಸಿದ ಮಗುವಿನ ವಯಸ್ಸಿನಿಂದ ಎರಡು ವರ್ಷದವರೆಗೆ 8 ವಾರಗಳನ್ನು ಕಳೆದೇ ಕೋಷ್ಟಕವನ್ನು ನೋಡಬೇಕು. ಇನ್ನೂ ನಡೆಯದ ಮಗುವಿಗೆ 18 ತಿಂಗಳೆಂದಾದರೆ ತಜ್ಞರಲ್ಲಿಗೆ ಕಳುಹಬೇಕಾಗುವದು; 15 ಎಂದಾದರೆ, ಬೇರೆ ಲಕ್ಷಣಗಳು ಸರಿಯಿದ್ದಲ್ಲಿ, ಕಾಯಬಹುದು. ಆದುದರಿಂದ ವಯಸ್ಸನ್ನು ಬರೆಯುವಾಗ ಅದು ಪ್ರಮಾಣಪತ್ರದಿಂದ ಬಂದುದೋ, ತಾಯಿಯ ನೆನಪಿನಿಂದಲೋ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯತಕ್ಕದ್ದು.