ಗುಣವಾದ ಮೇಲೂ ಮುಗಿಯದ ಶಿಕ್ಷೆ

ತ್ರಿವೇಣಿಯವರು 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ತುಂಬಿರಲಿಲ್ಲ. ಅವರ ಕಾದಂಬರಿಗಳನ್ನು ಮಾತ್ರ ಓದುಗರು ಇಂದಿಗೂ ಕೈಬಿಟ್ಟಿಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967), ‘ಶರಪಂಜರ’ ಚಿತ್ರಗಳೇ ಇದಕ್ಕೆ ಕಾರಣವೆನ್ನುವವರಿದ್ದಾರೆ. ನಾನು ಒಪ್ಪಲಾರೆ.

ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ‘ಶರಪಂಜರ’ದ ಕಾವೇರಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ, ಗುಣವಾಗದೆ ಉಳಿಯುವುದು ಸುತ್ತಲಿನವರ ಸಂಶಯ. ನನ್ನ ಬಂಧುವೊಬ್ಬರು ಇಂಥದೇ ಚಿಕಿತ್ಸೆ ಮುಗಿಸಿ ಬಂದಾಗ, ಒಲೆಯ ಮುಂದೆ ಅವರೊಬ್ಬರನ್ನೇ ಬಿಡಲು ನಾವೂ ಹಿಂಜರಿದೆವು. ಆ ರಾತ್ರಿ ಕಾದಂಬರಿಯನ್ನು ಮತ್ತೆ ತೆರೆದೆ. ಕಾವೇರಿಯನ್ನು ಅನುಮಾನಿಸುವವರ ಸಾಲಿನಲ್ಲಿ ನನ್ನನ್ನೇ ಕಂಡೆ.

ಮನೋರೋಗಿಗೆ ಘನತೆಯಿಂದ ಬದುಕುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನ್ಯ ಮಾಡಿದೆ. ಆದರೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದು ಕಾಯ್ದೆಗೆ ಆಗದ ಕೆಲಸ. ಅದಕ್ಕೆ ತ್ರಿವೇಣಿಯಂಥವರೇ ಬೇಕು.