ಆರು ಅಂಕಣಗಳ ಒಂದು ಸಾಲು

ವಿಂಡೋಸ್‌ಗೆ ಒಗ್ಗಿದ ವಿದ್ಯಾರ್ಥಿ ಮೊದಲ ಸಲ ಲಿನಕ್ಸ್ ಗಣಕದ ಮುಂದೆ ಕುಳಿತರೆ ‘ಸಿ ಡ್ರೈವ್, ಡಿ ಡ್ರೈವ್ ಎಲ್ಲಿ?’ ಎಂದು ಹುಡುಕುತ್ತಾನೆ. ಅಲ್ಲಿ ಅವು ಇಲ್ಲ. ಇರುವುದು ಒಂದೇ ಬೇರಿನಿಂದ ಕವಲೊಡೆದ ಒಂದೇ ಮರ. ಹೊಸ ಡಿಸ್ಕ್ ಬಂದರೆ, ಮಾವಿನ ಗಿಡಕ್ಕೆ ಕಸಿ ಕಟ್ಟಿದಂತೆ, ಅದನ್ನು ಯಾವುದಾದರೊಂದು ಕೊಂಬೆಗೆ ಜೋಡಿಸಬೇಕು. ಇದೇ ‘ಮೌಂಟ್’.

ಗಣಕ ಚಾಲೂ ಆಗುವಾಗ ಯಾವುದನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿರುತ್ತದೆ. ಪ್ರತಿ ಜೋಡಣೆಗೂ ಒಂದು ಸಾಲು. ಸಾಲಿಗೆ ಆರು ಅಂಕಣ. ಯಾವ ಡಿಸ್ಕ್, ಜೋಡಿಸುವ ಜಾಗ, ಫೈಲ್ ಸಿಸ್ಟಮ್‌ನ ಬಗೆ, ಆಯ್ಕೆಗಳು, ‘ಡಂಪ್’ ಪ್ರತಿ ಬೇಕೇ ಬೇಡವೇ, ಕೊನೆಗೆ ತಪಾಸಣೆಯ ಸರದಿ.

ಈ ಸಾಲುಗಳನ್ನು ಸ್ಕ್ರಿಪ್ಟ್ ಬರೆದು ಓದಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಆದರೆ ಎಚ್ಚರ ಬೇಕು. ‘ಹ್ಯಾಶ್’ ಚಿಹ್ನೆಯಿಂದ ಶುರುವಾಗುವ ಸಾಲು ಬರೀ ಟಿಪ್ಪಣಿ. ಅದನ್ನೂ ಖಾಲಿ ಸಾಲನ್ನೂ ಬಿಡಬೇಕು. ಅಂಕಣಗಳ ನಡುವೆ ಒಂದು ಸ್ಪೇಸ್ ಇರಬಹುದು, ಹತ್ತಿರಬಹುದು, ಟ್ಯಾಬ್ ಕೂಡ ಇರಬಹುದು. ಸ್ಪೇಸ್ ಕಂಡಲ್ಲೆಲ್ಲ ಕತ್ತರಿಸುವಂತೆ ‘ಕಟ್’ ಆಜ್ಞೆಗೆ ಹೇಳಿದರೆ ಲೆಕ್ಕ ತಪ್ಪುತ್ತದೆ. ‘ಆಕ್’ ಎಷ್ಟೇ ಖಾಲಿ ಜಾಗವಿದ್ದರೂ ಒಂದೇ ಎಂದು ಎಣಿಸುತ್ತದೆ. ಕೊನೆಯ ಎರಡು ಅಂಕಣ ಇಲ್ಲದಿದ್ದರೆ ಅವನ್ನು 0 ಎಂದು ತಿಳಿಯಬೇಕು.

ಜಾಗದ ಹೆಸರಿನಲ್ಲಿಯೇ ಸ್ಪೇಸ್ ಇದ್ದರೆ? ಆಗ ಅದನ್ನು ಹಿಂದಕ್ಕೆ ವಾಲಿದ ಗೆರೆ ಹಾಕಿ 040 ಎಂದು ಬರೆಯುತ್ತಾರೆ. ಎಂಟರ ಆಧಾರದ ಸಂಖ್ಯಾಪದ್ಧತಿಯಲ್ಲಿ 40 ಎಂದರೆ 4×8, ಅಂದರೆ 32. ಆಸ್ಕಿ ಪಟ್ಟಿಯಲ್ಲಿ ಸ್ಪೇಸ್‌ನ ಸಂಖ್ಯೆ ಅದೇ! ತರಗತಿಯಲ್ಲಿ ಕಲಿತ ಗಣಿತ ಇಲ್ಲಿ ಕೆಲಸಕ್ಕೆ ಬಂತು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಎಫ್‌ಎಸ್‌ಟ್ಯಾಬ್ ವೇಳಾಪಟ್ಟಿಯಂತೆ; ಹಾಜರಿ ಪುಸ್ತಕವಲ್ಲ. ಏನು ಇರಬೇಕು ಎಂದಷ್ಟೇ ಅದು ಹೇಳುತ್ತದೆ. ಹೊರಗಿನ ಡಿಸ್ಕ್ ಜೋಡಣೆಯಾಗದಿದ್ದರೂ ಅದರ ಜಾಗದ ಖಾಲಿ ಫೋಲ್ಡರ್ ಹಾಗೆಯೇ ಉಳಿದಿರುತ್ತದೆ. ಪಟ್ಟಿಯನ್ನಷ್ಟೇ ನಂಬಿದ ಸ್ಕ್ರಿಪ್ಟ್ ಮನೆಯ ಫೋಟೋಗಳನ್ನೂ ಮಗಳ ಪ್ರಾಜೆಕ್ಟ್ ವರದಿಯನ್ನೂ ಆ ಫೋಲ್ಡರಿಗೇ ನಕಲು ಮಾಡುತ್ತದೆ. ದೋಷದ ಸೂಚನೆಯೇನೂ ಬರುವುದಿಲ್ಲ. ಮೂಲವೂ ನಕಲೂ ಒಂದೇ ಡಿಸ್ಕಿನಲ್ಲಿ! ಆ ಡಿಸ್ಕ್ ಕೆಟ್ಟ ದಿನ ಎರಡೂ ಹೋದಂತೆಯೇ.

ಹಾಜರಿ ಪುಸ್ತಕವೂ ಉಂಟು. ‘ಪ್ರಾಕ್’ ಫೋಲ್ಡರಿನ ‘ಮೌಂಟ್ಸ್’ ಕಡತದಲ್ಲಿ ಈಗ ನಿಜವಾಗಿ ಜೋಡಣೆಯಾಗಿರುವವು ಕಾಣುತ್ತವೆ. ನಕಲಿಗೆ ಮೊದಲು ಸ್ಕ್ರಿಪ್ಟ್ ಅದನ್ನು ನೋಡಲಿ.

ಅಭ್ಯಾಸವನ್ನು ಎಫ್‌ಎಸ್‌ಟ್ಯಾಬ್‌ನ ಪ್ರತಿಯೊಂದರ ಮೇಲೆ ಮಾಡಿ. ಮೂಲದಲ್ಲಿ ಒಂದಕ್ಷರ ತಪ್ಪಾದರೂ ಗಣಕ ಅರ್ಧದಲ್ಲೇ ನಿಂತುಬಿಡಬಹುದು. ಪೋಷಕರೇ, ಇದಕ್ಕೆ ದುಬಾರಿ ಯಂತ್ರ ಬೇಡ. ಮನೆಯ ಮೂಲೆಯಲ್ಲಿರುವ ಹಳೆಯ ಗಣಕವೇ ಸಾಕು.